ಬಾಟ್ಲಿ ಹಚ್ಚಿದ ಮಾತ್ರಕ್ಕೆ ಆರೈಕೆ ಆಗುವುದಿಲ್ಲ

ಸಲೈನ್ ಬಾಟ್ಲಿ ಹಚ್ಚದ ದವಾಖಾನೆ ದವಾಖಾನೆಯೇ ಅಲ್ಲ ಎಂಬ ನಂಬಿಕೆ ನಮ್ಮ ಕಡೆ ಆಳವಾಗಿ ಬೇರುಬಿಟ್ಟಿದೆ. ಐರಣಿ ಕಡೆಯ ಹೊಳೆದಂಡೆಯ ಊರುಗಳಿಂದ ರಾಣೆಬೆನ್ನೂರಿಗೆ ಬಂದವರಿರಲಿ, ಬ್ಯಾಡಗಿ, ಹಾವೇರಿಯವರಿರಲಿ, ನರ್ಸಿಂಗ್ ಹೋಮಿನಿಂದ ಹೊರಬಂದವರನ್ನು "ಹೆಂಗ ನೋಡಿದ್ರು?" ಎಂದು ಕೇಳಿ ನೋಡಿ. "ಚಲೋ ನೋಡಿದ್ರು, ಎರಡು ಬಾಟ್ಲಿ ಹಚ್ಚಿದ್ರು" ಎಂಬ ಉತ್ತರ ಬರುತ್ತದೆ. ಡಾಕ್ಟರು ಎಷ್ಟು ಹೊತ್ತು ಮಾತಾಡಿಸಿದರು, ಹೊಟ್ಟೆ ಮುಟ್ಟಿ ನೋಡಿದರೋ ಇಲ್ಲವೋ, ರೋಗ ಇಂಥದ್ದು ಎಂದು ಹೇಳಿದರೋ ಇಲ್ಲವೋ, ಇದ್ಯಾವುದೂ ಲೆಕ್ಕಕ್ಕಿಲ್ಲ. ಸರಿಯಾಗಿ ಪರೀಕ್ಷಿಸಿ, ಗುಳಿಗೆ ಕೊಟ್ಟು, ಎರಡು ದಿನ ಗಂಜಿ ಕುಡಿದು ಮಲಗಿರಿ ಎಂದು ಕಳಿಸಿದ ಡಾಕ್ಟರಿಗೆ ಮಾತ್ರ "ಏನೂ ಮಾಡ್ಲಿಲ್ಲ" ಎಂಬ ಹೆಸರು. ಈ ಅಳತೆ ತಪ್ಪು. ಇದರಿಂದ ಜೀವಕ್ಕೇ ಕುತ್ತು ಬರುತ್ತಿರುವುದರಿಂದ ಸುಮ್ಮನಿರಲು ಆಗುತ್ತಿಲ್ಲ.

ಬಾಟ್ಲಿಯ ಮೇಲೆ ಏನು ಬರೆದಿದೆ ಎಂದು ಒಮ್ಮೆಯಾದರೂ ಓದಿದ್ದೀರಾ? 'ಡೆಕ್ಸ್‌ಟ್ರೋಸ್ 5%' ಎಂದಿದ್ದರೆ 100 ಮಿ.ಲೀ.ಗೆ 5 ಗ್ರಾಂ ಗ್ಲೂಕೋಸ್ ಎಂದರ್ಥ. 500 ಮಿ.ಲೀ. ಬಾಟ್ಲಿ ಪೂರಾ ಇಳಿದರೂ ಮೈಗೆ ಸೇರುವುದು 25 ಗ್ರಾಂ, ಅಂದರೆ ಐದಾರು ಚಮಚ ಸಕ್ಕರೆ. ಅದರಿಂದ ಸಿಗುವ ಶಕ್ತಿ ಹೆಚ್ಚೆಂದರೆ 100 ಕ್ಯಾಲೊರಿ. ಸಾಧಾರಣ ದಪ್ಪದ ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಇರುತ್ತದೆ. 'ಸೋಡಿಯಂ ಕ್ಲೋರೈಡ್ 0.9%' ಎಂದಿದ್ದರೆ ಅದು ಬರೀ ಉಪ್ಪುನೀರು: ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ ಉಪ್ಪು, ಶಕ್ತಿ ಸೊನ್ನೆ. 'ಡಿಎನ್‌ಎಸ್' ಎಂದರೆ ಈ ಎರಡೂ ಕೂಡಿದ್ದು. ಜನ 'ಶಕ್ತಿ ಬಾಟ್ಲಿ' ಎಂದು ಕೇಳಿ ಹಚ್ಚಿಸಿಕೊಳ್ಳುವ ಹಳದಿ ಬಾಟ್ಲಿಗೆ ಆ ಬಣ್ಣ ಬರುವುದು ಅದರಲ್ಲಿ ಬೆರೆಸಿದ ವಿಟಮಿನ್ ಸೂಜಿಯಿಂದ. ಮೈಗೆ ಬೇಕಿಲ್ಲದ ಬಿ ವಿಟಮಿನ್ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಆ ಬಾಟ್ಲಿಯನ್ನು ರಕ್ತ ಎಂಬಂತೆ, ಅಮೃತ ಎಂಬಂತೆ ನೋಡುವುದನ್ನು ಬಿಡಬೇಕು.

"ಮತ್ತ ಹಚ್ಚಿದ ಮ್ಯಾಲೆ ಆರಾಮ ಆಗ್ತೈತಲ್ರಿ?" ಎಂದು ಕೇಳುವವರಿದ್ದಾರೆ. ಆಗುತ್ತದೆ, ನಿಜ. ಜ್ವರ ಬಂದವರು ಮೂರು ತಾಸು ಕದಲದೆ ಮಲಗಿದರೆ ಅರ್ಧ ಆರಾಮ ಅಲ್ಲೇ ಆಗುತ್ತದೆ. ಅದೇ ನಳಿಕೆಯಲ್ಲಿ ಜ್ವರದ್ದೋ ನೋವಿನದ್ದೋ ವಾಂತಿಯದ್ದೋ ಸೂಜಿಯನ್ನೂ ಕೊಟ್ಟಿರುತ್ತಾರೆ. ಕೆಲವು ಕಡೆ ಸ್ಟೆರಾಯ್ಡ್ ಕೊಡುವುದೂ ಉಂಟು. ಕೆಲಸ ಮಾಡಿದ್ದು ಆ ಸೂಜಿ, ಹೆಸರು ಬಂದದ್ದು ಬಾಟ್ಲಿಗೆ. ಸಾಮಾನ್ಯ ವೈರಲ್ ಜ್ವರ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಯಾರು ಏನು ಹಚ್ಚಿದ್ದರೋ ಅವರ 'ಕೈಗುಣ' ಚಲೋ ಆಗಿಬಿಡುತ್ತದೆ.

ಬಾಟ್ಲಿ ಬೇಕಾದವರಿಗೆ ಬೇಕೇ ಬೇಕು. ವಾಂತಿಭೇದಿಯಿಂದ ಕಣ್ಣು ಒಳಗೆ ಹೋದವರಿಗೆ, ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲದವರಿಗೆ, ರಕ್ತ ಸೋರಿದವರಿಗೆ, ಡೆಂಗಿಯಲ್ಲಿ ಬಿ.ಪಿ. ಕುಸಿದವರಿಗೆ, ಆಪರೇಷನ್ ಆದವರಿಗೆ ಅದು ಜೀವ ಉಳಿಸುವ ಮದ್ದು. ಆದರೆ ಬಾಯಿಂದ ಕುಡಿಯಬಲ್ಲವರಿಗೆ ಬಾಯಿಯೇ ಒಳ್ಳೆಯ ದಾರಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸನ್ನು ನೀರಿಗೆ ಬೆರೆಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡ ಮೇಲೆ 2023ರಲ್ಲಿ ಪದ್ಮವಿಭೂಷಣ ಬಂತು. ಆ ಓಆರ್‌ಎಸ್ ಪುಡಿ ಇಂದು ಪ್ರತಿ ಔಷಧ ಅಂಗಡಿಯಲ್ಲೂ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಚೀಲದಲ್ಲೂ ಇರುತ್ತದೆ. ನಮ್ಮವರಿಗೆ ಮಾತ್ರ ಅದು ಮದ್ದು ಅನಿಸುವುದಿಲ್ಲ, ಮೇಲಿಂದ ತೊಟ್ಟಿಕ್ಕಿದ್ದೇ ಮದ್ದು.

ಹಚ್ಚಿದರೆ ಲಾಭ ಆಗದಿದ್ದರೂ ನಷ್ಟವಂತೂ ಇಲ್ಲ ಎಂಬ ಮಾತು ಎಲ್ಲಕ್ಕಿಂತ ಕೆಟ್ಟದ್ದು. ಹೃದಯ ಸೋತವರಿಗೆ, ಕಿಡ್ನಿ ಕೆಟ್ಟವರಿಗೆ, ವಯಸ್ಸಾದವರಿಗೆ ಹೆಚ್ಚುವರಿ ನೀರನ್ನು ಹೊರಹಾಕುವ ತಾಕತ್ತು ಕಡಿಮೆ ಇರುತ್ತದೆ. ಆ ನೀರು ಕಾಲಿಗಿಳಿದು ಬಾವು ಬರುತ್ತದೆ, ಪುಪ್ಪುಸಕ್ಕೆ ಇಳಿದರೆ ಉಸಿರೇ ಕಟ್ಟುತ್ತದೆ. ರಾಣೆಬೆನ್ನೂರಿನಲ್ಲಿ ನನ್ನ ಕಣ್ಣೆದುರಿಗೇ ಹೀಗಾಯಿತು. ಎಪ್ಪತ್ತು ದಾಟಿದ ಹಿರಿಯರೊಬ್ಬರ ಎರಡೂ ಪಾದ ಬಾತಿದ್ದವು. "ಇವರಿಗೆ ಬಾಟ್ಲಿ ಬ್ಯಾಡ, ಹಾರ್ಟಿನ ತ್ರಾಸ ಐತಿ" ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಮಕ್ಕಳು ಕೇಳಲಿಲ್ಲ. "ಅಪ್ಪಗ ನಿಲ್ಲಾಕ ತ್ರಾಣ ಇಲ್ಲ, ಇವರು ಬರೇ ಗುಳಿಗಿ ಕೊಡ್ತಾರ" ಎಂದು ಬಿಡಿಸಿಕೊಂಡು ಮತ್ತೊಂದು ಕಡೆ ಒಯ್ದರು. ಅಲ್ಲಿ ಸಂಜೆಯೊಳಗೆ ಎರಡು ಬಾಟ್ಲಿ ಇಳಿದವು. ರಾತ್ರಿ ಮಲಗಿದರೆ ದಮ್ಮು, ಎದ್ದು ಕುಳಿತರೂ ದಮ್ಮು. ಕೊನೆಗೆ ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಸಾಗಿಸಬೇಕಾಯಿತು. ಮೊದಲನೆಯ ಡಾಕ್ಟರು ಕೊಟ್ಟದ್ದು ಸರಿಯಾದ ಆರೈಕೆ ಎಂಬುದು ಆಗಲೂ ಆ ಮಕ್ಕಳಿಗೆ ಹೊಳೆಯಲಿಲ್ಲ.

ರಕ್ತನಾಳಕ್ಕೆ ನೇರವಾಗಿ ಹೋಗುವ ವಸ್ತುವಿನಲ್ಲಿ ದೋಷವಿದ್ದರೆ ತಡೆಯಲು ನಡುವೆ ಏನೂ ಇರುವುದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅವರಿಗೆ ಹಚ್ಚಿದ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ದ್ರಾವಣದ ಮೇಲೆ ಶಂಕೆ ಬಂದು, ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ರಾಜ್ಯವೆಲ್ಲ ಮರುಗಿತು. ಆ ಮರುಕ ಆರುವ ಮೊದಲೇ ನೆಗಡಿಗೆ ಬಾಟ್ಲಿ ಕೇಳುವವರ ಸಾಲು ಮತ್ತೆ ಬೆಳೆಯಿತು.

ಡಾಕ್ಟರುಗಳಿಗೆ ಇದೆಲ್ಲ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. "ನಾನು ಹಚ್ಚಲಿಲ್ಲ ಅಂದ್ರ ಎದುರಿನ ದವಾಖಾನಿಗೆ ಹೋಗ್ತಾರ" ಎನ್ನುವವರ ಕಷ್ಟ ಅರ್ಥವಾಗುತ್ತದೆ, ಆದರೆ ಅದು ಸಮರ್ಥನೆ ಆಗಲಾರದು. ನಾವು ಬಾಟ್ಲಿಯಿಂದ ಅಳೆಯುವ ತನಕ ಪ್ರಾಮಾಣಿಕರು ಸೋಲುತ್ತಾರೆ, ಹಚ್ಚುವವರು ಗೆಲ್ಲುತ್ತಾರೆ. ಈ ತಪ್ಪಿನಲ್ಲಿ ಎರಡೂ ಕಡೆಯವರಿಗೆ ಪಾಲಿದೆ.

ಹಾಗಾದರೆ ನೋಡಬೇಕಾದ್ದೇನು? ಮೊದಲಿಗೆ ಮಂಚಕ್ಕೆ ಸಿಕ್ಕಿಸಿದ ಚಾರ್ಟ್ ನೋಡಿ. ನಾಡಿ, ಜ್ವರ, ಬಿ.ಪಿ., ಮೂತ್ರದ ಲೆಕ್ಕವನ್ನು ಹೊತ್ತು ಹೊತ್ತಿಗೆ ಬರೆಯಬೇಕು. ರಾತ್ರಿಯ ಎಲ್ಲ ಖಾನೆಗಳೂ ಒಂದೇ ಕೈಬರಹದಲ್ಲಿ, ಒಂದೇ ಉಸಿರಿಗೆ ತುಂಬಿದಂತಿದ್ದು, ಎಲ್ಲದರಲ್ಲೂ 120/80 ಎಂದೇ ಇದ್ದರೆ ರಾತ್ರಿ ಯಾರೂ ನಿಮ್ಮ ರೋಗಿಯ ಹತ್ತಿರ ಬಂದಿಲ್ಲ ಎಂದು ಅನುಮಾನಿಸಿ. ರಾತ್ರಿ ಪಾಳಿಯಲ್ಲಿ ಇರುವವರು ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರೇ, ಡಾಕ್ಟರು ಎಷ್ಟು ಹೊತ್ತಿನಲ್ಲಿ ಬಂದು ಮುಟ್ಟುತ್ತಾರೆ ಎಂದು ಕೇಳಿ. ಕೈಗೆ ಚುಚ್ಚಿದ ಸೂಜಿಯ ಪಟ್ಟಿಯ ಮೇಲೆ ಹಾಕಿದ ದಿನಾಂಕ ಇದೆಯೇ? ಸುತ್ತ ಕೆಂಪಾಗಿ ಬಾತಿದ್ದರೆ ತಕ್ಷಣ ತೆಗೆಯುತ್ತಾರೋ, "ಇರ್ಲಿ ಬಿಡ್ರಿ" ಅನ್ನುತ್ತಾರೋ? ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಕೈ ತೊಳೆಯುತ್ತಾರೆಯೇ? ಸಿರಿಂಜನ್ನು ನಿಮ್ಮೆದುರೇ ಹೊಸ ಪ್ಯಾಕೆಟ್ ಒಡೆದು ತೆಗೆಯುತ್ತಾರೆಯೇ? 2016ರ ನಿಯಮದ ಪ್ರಕಾರ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣದ ಬೇರೆ ಬೇರೆ ಕಸದ ಡಬ್ಬಿಗಳಿರಬೇಕು. ಸೂಜಿ ಬೀಳಬೇಕಾದ್ದು ಬಿಳಿಯದಕ್ಕೆ. ಹಾಸಿಗೆ ಹಿಡಿದ ಹಿರಿಯರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಾರೋ ನೋಡಿ. ಬೆನ್ನ ಕೆಳಗೆ, ಸೊಂಟ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ ಹಾಗೇ ಉಳಿದರೆ ಅದು ಹಾಸಿಗೆ ಹುಣ್ಣಿನ ಶುರು.

ಗೋಡೆಯ ಮೇಲೂ ಕಣ್ಣಾಡಿಸಿ. ಕೆಪಿಎಂಇ ಎಂದು ಎಲ್ಲರ ಬಾಯಲ್ಲಿರುವ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಪತ್ರ ಮತ್ತು ದರಪಟ್ಟಿ ಎಲ್ಲರಿಗೂ ಕಾಣುವಂತೆ ಇರಬೇಕು. 2017ರ ತಿದ್ದುಪಡಿಯ ನಂತರ ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಚಿಕಿತ್ಸೆಯ ದಾಖಲೆ ಕೇಳಿದರೆ 72 ತಾಸಿನೊಳಗೆ ಕೊಡಬೇಕು ಎಂಬುದು ವೈದ್ಯರ 2002ರ ನಡತೆ ನಿಯಮ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. "ಗ್ರಾನೈಟ್ ನೆಲ, ಎಸಿ ರೂಮು ಇದ್ದರೆ ಚಲೋ ದವಾಖಾನೆ": ಸೋಂಕು ಹರಡದಂತೆ ಕಾಯುವುದು ತೊಳೆದ ಕೈ, ಗ್ರಾನೈಟ್ ಅಲ್ಲ. "ಒಂದೇ ಸೂಜಿಗೆ ಗುಣ ಮಾಡುವವರು ದೊಡ್ಡ ಡಾಕ್ಟರು": ಒಂದೇ ಸೂಜಿಗೆ ಮಂಡಿನೋವು ಮಾಯವಾದರೆ ಅದು ಸ್ಟೆರಾಯ್ಡೋ ಎಂದು ಕೇಳಿ. "ದಾವಣಗೆರೆ, ಹುಬ್ಬಳ್ಳಿಗೆ ಬರೆದುಕೊಟ್ಟವರು ಕೈಲಾಗದವರು": ತನ್ನಲ್ಲಿ ಆಗದ್ದನ್ನು ಹೊತ್ತು ಮೀರುವ ಮೊದಲೇ ಹೇಳುವವರೇ ಬಲ್ಲವರು. "ಬಿಲ್ ಹೆಚ್ಚಾದರೆ ಆರೈಕೆ ಹೆಚ್ಚು": ಬಿಲ್ಲಿನ ಒಂದೊಂದು ಸಾಲನ್ನೂ ಓದಿ, ಎಷ್ಟು ಸಾಲು ರೋಗಕ್ಕೆ ಸಂಬಂಧಿಸಿದ್ದು ಎಂದು ವಿವರ ಕೇಳಿ.

ಹೆಚ್ಚು ಮಾಡಿದಷ್ಟೂ ಹೆಚ್ಚು ಆರೈಕೆ ಎಂಬ ಈ ತಿಳಿವಳಿಕೆ ಬಾಟ್ಲಿಗೆ ನಿಲ್ಲುವುದಿಲ್ಲ, ಕತ್ತರಿಯವರೆಗೂ ಹೋಗುತ್ತದೆ. ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ಆರೋಪ ಬಂದು, ತಾಂಡಾದ, ದಲಿತ ಕೇರಿಗಳ ಹೆಂಗಸರು ನ್ಯಾಯ ಕೇಳಿ ಪಾದಯಾತ್ರೆ ಮಾಡಿದ್ದನ್ನು ನಮ್ಮ ಜಿಲ್ಲೆ ಮರೆಯಬಾರದು. ಬಿಳುಪು ಹೋಗುತ್ತದೆ, ನಡ ನೋಯುತ್ತದೆ ಎಂದು ಬಂದವರಿಗೆ "ಗರ್ಭಚೀಲ ತೆಗೆಸದಿದ್ರ ಕ್ಯಾನ್ಸರ್ ಆಗ್ತೈತಿ" ಎಂದರೆ ನಂಬದೆ ಏನು ಮಾಡಿಯಾರು? ಅದರ ಜೊತೆಗೇ ಅಂಡಾಶಯವನ್ನೂ ತೆಗೆದರೆ ಮೂವತ್ತೈದಕ್ಕೇ ಮುಟ್ಟು ನಿಂತ ಮೈ, ಸವೆಯುವ ಎಲುಬು. ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯಲು ಕೊಟ್ಟ ಒಪ್ಪಿಗೆಯಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಎಂದು 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಆ ಬಡ ಹೆಣ್ಣುಮಕ್ಕಳನ್ನು ನಾನು ದೂರುವುದಿಲ್ಲ. ನನ್ನ ಸಿಟ್ಟು ಓದುಬರಹ ಬಲ್ಲ, ನಾಲ್ಕು ಜನರ ಎದುರು ಮಾತಾಡಬಲ್ಲ ನಮ್ಮಂಥವರ ಮೇಲೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಚೀಲದ ಮೇಲಿನದ್ದನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಒಳಗೆ ಕೈ ಹಾಕಿ ತೆಗೆಯುತ್ತಾರೆ, ಹಿಚುಕಿ ಹಸಿ ಎಷ್ಟಿದೆ ನೋಡುತ್ತಾರೆ, ಬಣ್ಣ, ಸುಕ್ಕು, ಬೀಜ ಎಲ್ಲ ಪರೀಕ್ಷಿಸುತ್ತಾರೆ. ಅಷ್ಟು ಜಾಣರಾದ ನಾವು ಹೆತ್ತವರ ನರಕ್ಕೆ ಏನು ಇಳಿಯುತ್ತಿದೆ, ಏಕೆ ಇಳಿಯುತ್ತಿದೆ ಎಂದು ಕೇಳಲು ಹಿಂಜರಿಯುತ್ತೇವೆ. "ಕೇಳಿದ್ರ ಡಾಕ್ಟರು ಸಿಟ್ಟಾಗ್ತಾರ" ಎಂಬುದು ನಮ್ಮ ಕೊನೆಯ ಮೂಢನಂಬಿಕೆ, ಉಳಿದವೆಲ್ಲ ಇದರ ನೆರಳಲ್ಲೇ ಬೆಳೆದವು. ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ. ರೋಗ ಏನು, ಈ ಔಷಧ ಯಾಕೆ, ಕೊಡದಿದ್ದರೆ ಏನಾಗುತ್ತದೆ ಎಂಬ ಮೂರು ಪ್ರಶ್ನೆಗೆ ನಿಮಗೆ ತಿಳಿಯುವ ಮಾತಿನಲ್ಲಿ ಉತ್ತರ ಕೊಡುತ್ತಾರೆ. ಕೇಳಿಯೂ ಉತ್ತರ ಸಿಗದಿದ್ದರೆ, ರೋಗಿ ಅಲುಗಾಡಿಸಬಹುದಾದ ಸ್ಥಿತಿಯಲ್ಲಿದ್ದರೆ, ಬೇರೆ ಡಾಕ್ಟರ ಅಭಿಪ್ರಾಯ ಪಡೆಯಿರಿ. "ಬಾಟ್ಲಿ ಬ್ಯಾಡ" ಎಂದು ಕಾರಣ ಹೇಳಿದ ಡಾಕ್ಟರನ್ನು ಮಾತ್ರ ಬಿಡಬೇಡಿ, ಊರಿನ ನಾಲ್ಕು ಜನಕ್ಕೆ ಅವರ ಹೆಸರು ಹೇಳಿ.