ಆತಿಥ್ಯ ವಹಿಸಿದ ದೇಶವೇ ಕಾಣೆಯಾದಾಗ

ಚಳಿಗಾಲದ ಒಲಿಂಪಿಕ್ಸ್‌ಗೆ ಆತಿಥ್ಯ ನೀಡಿದ ದೇಶಗಳ ಪಟ್ಟಿಯನ್ನು ಓದುತ್ತ ಹೋದರೆ 1984ನೇ ಇಸವಿಯ ಎದುರು ಯುಗೊಸ್ಲಾವಿಯಾ ಎಂಬ ಹೆಸರು ಸಿಗುತ್ತದೆ. ಇಂದಿನ ಶಾಲಾ ಮಕ್ಕಳಿಗೆ ಅದು ಯಾರೋ ಕಾದಂಬರಿಕಾರ ಕಲ್ಪಿಸಿಕೊಂಡ ದೇಶದ ಹೆಸರಿನಂತೆ ಕೇಳಿಸಿದರೆ ಅಚ್ಚರಿಯೇನಿಲ್ಲ. ಭೂಪಟದಲ್ಲಿ ಆ ದೇಶವಿಲ್ಲ. ಅದರ ಧ್ವಜ ಎಲ್ಲಿಯೂ ಹಾರುವುದಿಲ್ಲ. ಅಳಿದುಳಿದ ತುಂಡೊಂದು ಕೆಲಕಾಲ ಹೊತ್ತುಕೊಂಡಿದ್ದ ಆ ಹೆಸರು ಕೂಡ 2003ರಲ್ಲಿ ಅಳಿಸಿಹೋಯಿತು. ನೆಹರೂ, ನಾಸರ್, ಟಿಟೊ ಎಂಬ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ಕಲಿತ ತಲೆಮಾರಿಗೆ ಸೇರಿದ ನನ್ನಂಥವರಿಗೆ ಮಾತ್ರ ಈ ಸಂಗತಿ ಇಂದಿಗೂ ವಿಚಿತ್ರವೆನಿಸುತ್ತದೆ. ದೆಹಲಿಯಲ್ಲಿ ಜೋಸಿಪ್ ಬ್ರೋಜ್ ಟಿಟೊ ಮಾರ್ಗ ಹಾಗೆಯೇ ಇದೆ. ಟಿಟೊ ಆಳಿದ ದೇಶವಷ್ಟೇ ಇಲ್ಲ.

1984ರ ಪದಕಪಟ್ಟಿಯನ್ನು ನೋಡಿದಾಗಲೂ ಇದೇ ಅನುಭವ. ಅತಿ ಹೆಚ್ಚು, ಅಂದರೆ ಒಂಬತ್ತು ಚಿನ್ನ ಗೆದ್ದದ್ದು ಪೂರ್ವ ಜರ್ಮನಿ. ಒಟ್ಟು ಪದಕಗಳಲ್ಲಿ ಮುಂದಿದ್ದದ್ದು ಸೋವಿಯತ್ ಒಕ್ಕೂಟ. ಐಸ್ ಹಾಕಿಯ ಬೆಳ್ಳಿ ಜೆಕೊಸ್ಲೊವಾಕಿಯಾದ ಪಾಲಾಯಿತು. ಇನ್ನೊಂದು ದಶಕ ಕಳೆಯುವಷ್ಟರಲ್ಲಿ ಇವುಗಳಲ್ಲಿ ಒಂದೂ ಉಳಿಯಲಿಲ್ಲ. ಮೊದಲೆರಡು ಸ್ಥಾನದ ದೇಶಗಳೂ ಅತಿಥೇಯ ದೇಶವೂ ಒಟ್ಟಾಗಿ ಇತಿಹಾಸ ಸೇರಿದ ಮತ್ತೊಂದು ಚಳಿಗಾಲದ ಒಲಿಂಪಿಕ್ಸ್ ಇಲ್ಲ. ಭಾರತ ಆ ಕೂಟಕ್ಕೆ ತಂಡವನ್ನೇ ಕಳುಹಿಸಿರಲಿಲ್ಲ.

ಸರಾಯೆವೊ ಎಂದೊಡನೆ ನಮ್ಮ ಪಠ್ಯಪುಸ್ತಕಗಳು ನೆನಪಿಸುತ್ತಿದ್ದುದು 1914ರ ಜೂನ್ 28ನ್ನು. ಆಸ್ಟ್ರಿಯಾದ ಯುವರಾಜನ ಹತ್ಯೆ, ಮೊದಲ ಮಹಾಯುದ್ಧ. ಆ ಊರಿನವರಿಗೆ ಈ ಕುಖ್ಯಾತಿಯಿಂದ ಬಿಡುಗಡೆ ಬೇಕಾಗಿತ್ತು. 1978ರ ಮೇ ತಿಂಗಳಿನಲ್ಲಿ ಅಥೆನ್ಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸಭೆಯಲ್ಲಿ ಸರಾಯೆವೊ ಎರಡನೆಯ ಸುತ್ತಿನಲ್ಲಿ 39 ಮತಗಳನ್ನು ಪಡೆದು, 36 ಮತ ಪಡೆದ ಜಪಾನಿನ ಸಪ್ಪೊರೊ ನಗರವನ್ನು ಹಿಂದಿಕ್ಕಿತು. ಸಮಾಜವಾದಿ ದೇಶವೊಂದಕ್ಕೆ ಚಳಿಗಾಲದ ಒಲಿಂಪಿಕ್ಸ್ ದೊರೆತದ್ದು ಅದೇ ಮೊದಲು. ಎರಡು ವರ್ಷ ಕಳೆಯುವ ಮುನ್ನವೇ, 1980ರ ಮೇ 4ರಂದು ಟಿಟೊ ತೀರಿಕೊಂಡರು. ವಿದೇಶಿ ಸಾಲ ಬೆಟ್ಟದಂತೆ ಬೆಳೆದಿತ್ತು, ಇಂಧನಕ್ಕೆ ಪಡಿತರ ಬಂದಿತ್ತು, ಅಂಗಡಿಗಳಲ್ಲಿ ಕಾಫಿ ಸಿಗುತ್ತಿರಲಿಲ್ಲ. ಅಂಥ ದಿನಗಳಲ್ಲಿ ದುಡಿಯುವ ಜನ ತಮ್ಮ ವೇತನದ ಒಂದು ಪಾಲನ್ನು ಈ ಕೂಟಕ್ಕೆ ಬಿಟ್ಟುಕೊಟ್ಟರು.

ಸರಾಯೆವೊದ ಸುತ್ತಲಿನ ನಾಲ್ಕು ಪರ್ವತಗಳು ಸ್ಪರ್ಧೆಗಳನ್ನು ಹಂಚಿಕೊಂಡವು. ಬ್ಯೆಲಾಶ್ನಿತ್ಸಾದಲ್ಲಿ ಪುರುಷರ ಸ್ಕೀಯಿಂಗ್, ಯಾಹೊರಿನಾದಲ್ಲಿ ಮಹಿಳೆಯರದ್ದು, ಇಗ್ಮಾನ್‌ನಲ್ಲಿ ಸ್ಕೀ ಜಿಗಿತ, ಊರಿನ ನೆತ್ತಿಯ ಮೇಲೆಯೇ ಇರುವ ತ್ರೆಬೆವಿಚ್‌ನಲ್ಲಿ ಬಾಬ್‌ಸ್ಲೆಡ್ ಮತ್ತು ಲ್ಯೂಜ್. ಪುರುಷರ ಡೌನ್‌ಹಿಲ್ ಓಟಕ್ಕೆ 800 ಮೀಟರ್‌ಗಳ ಇಳಿತ ಇರಬೇಕೆಂಬುದು ನಿಯಮ. ಬ್ಯೆಲಾಶ್ನಿತ್ಸಾ ಅದಕ್ಕೆ ತುಸು ಗಿಡ್ಡವಾಯಿತು. ಸಂಘಟಕರು ಶಿಖರದ ಮೇಲೊಂದು ಉಪಾಹಾರಗೃಹವನ್ನು ಕಟ್ಟಿ, ಅದರೊಳಗಿನಿಂದಲೇ ಓಟ ಆರಂಭವಾಗುವಂತೆ ಮಾಡಿದರು! ಬಡದೇಶದ ಈ ಜಾಣ್ಮೆ ನನಗೆ ಯಾವ ಬೃಹತ್ ಕ್ರೀಡಾಂಗಣಕ್ಕಿಂತಲೂ ಹೆಚ್ಚು ಪ್ರಿಯವಾದದ್ದು.

ಫೆಬ್ರುವರಿ 8ರಂದು ಕೊಶೆವೊ ಕ್ರೀಡಾಂಗಣದಲ್ಲಿ ಕೂಟ ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಹಿಮವೇ ಇಲ್ಲವೆಂದು ಚಿಂತಿಸುತ್ತಿದ್ದ ಊರಿನ ಮೇಲೆ ಬಳಿಕ ಹಿಮದ ಬಿರುಗಾಳಿಯೇ ಎರಗಿತು. ಡೌನ್‌ಹಿಲ್ ಓಟವನ್ನು ಒಂದು ವಾರ ಮುಂದೂಡಬೇಕಾಯಿತು. ಸೈನಿಕರು, ವಿದ್ಯಾರ್ಥಿಗಳು, ನೆರೆಹೊರೆಯವರು ಸಲಿಕೆ ಹಿಡಿದು ಬೀದಿಗಿಳಿದರು. ಹಿಮ ಬಾಚುವಾಗ ಪಕ್ಕದಲ್ಲಿ ನಿಂತವನು ಸರ್ಬನೋ, ಕ್ರೊಯೇಷಿಯನ್ನನೋ, ಬೋಸ್ನಿಯಾದ ಮುಸಲ್ಮಾನನೋ ಎಂದು ಕೇಳುವ ಪ್ರಮೇಯವಿರಲಿಲ್ಲ. ಫೆಬ್ರುವರಿ 14ರಂದು ಯೂರೆ ಫ್ರಾಂಕೊ ಜೈಂಟ್ ಸ್ಲಾಲಂನಲ್ಲಿ ಬೆಳ್ಳಿ ಗೆದ್ದರು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾಕ್ಕೆ ಅದು ಮೊದಲ ಪದಕ. ಫ್ರಾಂಕೊ ಸ್ಲೊವೇನಿಯಾದವರು, ಆದರೆ ಬೋಸ್ನಿಯಾದ ಜನ ‘ನಮಗೆ ಬುರೆಕ್‌ಗಿಂತ ಯೂರೆ ಹೆಚ್ಚು’ ಎಂಬರ್ಥದ ಪ್ರಾಸಬದ್ಧ ಘೋಷಣೆ ಕೂಗಿದರು. ಬುರೆಕ್ ಎಂದರೆ ಅಲ್ಲಿನ ಮಾಂಸದ ಕಡುಬು. ತಿಂಡಿಗಿಂತ ಹೆಚ್ಚೆಂದರೆ ಪ್ರೀತಿಯ ಪರಮಾವಧಿಯೆಂದೇ ಅರ್ಥ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ದಿನ ಜೆತ್ರಾ ಸಭಾಂಗಣದಲ್ಲಿ ಬ್ರಿಟನ್ನಿನ ಟಾರ್ವಿಲ್ ಮತ್ತು ಡೀನ್ ಜೋಡಿ ರಾವೆಲ್‌ನ ಬೊಲೆರೊ ಸಂಗೀತಕ್ಕೆ ಹಿಮನೃತ್ಯ ಮಾಡಿ, ಹನ್ನೆರಡು ಬಾರಿ ಪೂರ್ಣಾಂಕ ಗಳಿಸಿತು.

ಎಂಟು ವರ್ಷ ಕಳೆಯಿತು. 1992ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಆಲ್ಬರ್‌ವಿಲ್‌ನಲ್ಲಿ ಸ್ಲೊವೇನಿಯಾ ಮತ್ತು ಕ್ರೊಯೇಷಿಯಾ ತಮ್ಮದೇ ಧ್ವಜಗಳಡಿ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಿದವು. ಏಪ್ರಿಲ್‌ನಲ್ಲಿ ಸರಾಯೆವೊದ ಮುತ್ತಿಗೆ ಆರಂಭವಾಯಿತು. 1996ರ ಫೆಬ್ರುವರಿ ಕೊನೆಯವರೆಗೆ, 1,425 ದಿನ ಅದು ನಡೆಯಿತು. ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಯಾವ ಪರ್ವತಗಳ ದೆಸೆಯಿಂದ ಆ ಊರಿಗೆ ಒಲಿಂಪಿಕ್ಸ್ ಒಲಿದಿತ್ತೋ ಅವೇ ಪರ್ವತಗಳ ದೆಸೆಯಿಂದ ಊರು ಗುಂಡುಗಳಿಗೆ ಸುಲಭದ ಗುರಿಯಾಯಿತು. ತ್ರೆಬೆವಿಚ್‌ನ ಬಾಬ್‌ಸ್ಲೆಡ್ ಹಾದಿಯ ಕಾಂಕ್ರೀಟ್ ಗೋಡೆಗಳು ಬೋಸ್ನಿಯನ್ ಸರ್ಬ್ ಪಡೆಗಳಿಗೆ ಸಿದ್ಧ ಕಂದಕಗಳಾದವು. ಒಲಿಂಪಿಕ್ ವಸ್ತುಸಂಗ್ರಹಾಲಯ ಶೆಲ್ ದಾಳಿಗೆ ಸಿಕ್ಕಿ ಉರಿಯಿತು. ಜೆತ್ರಾ ಸಭಾಂಗಣದ ಆಸನಗಳ ಮರ ಶವಪೆಟ್ಟಿಗೆಗಳಿಗೆ ಬಳಕೆಯಾಯಿತು. ಸುತ್ತಲಿನ ಬಯಲು ಸ್ಮಶಾನವಾಯಿತು. ಸರ್ಬ್ ಪಡೆಗಳ ರಾಜಕೀಯ ನಾಯಕ ರಾಡೊವಾನ್ ಕರಾಜಿಚ್ ಹೊರಗಿನಿಂದ ಬಂದವನಲ್ಲ. ಅದೇ ಊರಿನಲ್ಲಿ ಬಹುಕಾಲ ಮನೋವೈದ್ಯನಾಗಿದ್ದವನು. ಯಾಹೊರಿನಾದ ಬುಡದಲ್ಲಿರುವ ಪಾಲೆ ಎಂಬಲ್ಲಿ ಆತ ತನ್ನ ರಾಜಧಾನಿಯನ್ನು ಸ್ಥಾಪಿಸಿದ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಆತನಿಗೆ ಅಂತಿಮವಾಗಿ ಜೀವಾವಧಿ ಶಿಕ್ಷೆ ವಿಧಿಸಿತು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಆ ಸೌಹಾರ್ದವೆಲ್ಲ ಬರಿಯ ತೋರಿಕೆ, ಒಳಗೆ ದ್ವೇಷ ಕುದಿಯುತ್ತಲೇ ಇತ್ತು ಎನ್ನುವುದು ಒಂದು. ಊರು ಸ್ವರ್ಗವಾಗಿತ್ತು, ಕೆಲವೇ ರಾಜಕಾರಣಿಗಳು ಕೆಡಿಸಿದರು ಎನ್ನುವುದು ಇನ್ನೊಂದು. ನನಗೆ ಎರಡರಲ್ಲಿಯೂ ನಂಬಿಕೆಯಿಲ್ಲ. ಸಲಿಕೆ ಹಿಡಿದ ಜನ ನಟಿಸುತ್ತಿರಲಿಲ್ಲ. ಆದರೆ ಹನ್ನೆರಡು ದಿನಗಳ ಉತ್ಸವದಲ್ಲಿ ಮೂಡಿದ ಆ ಭಾವವನ್ನು ಮುಂದಿನ ಎಂಟು ವರ್ಷಗಳ ನಿರುದ್ಯೋಗ, ಹಣದುಬ್ಬರ, ಪರಸ್ಪರ ದೂಷಣೆಗಳ ನಡುವೆ ಕಾಯ್ದುಕೊಳ್ಳಬಲ್ಲ ಯಾವ ಸಂಸ್ಥೆಯೂ ಆ ದೇಶದಲ್ಲಿರಲಿಲ್ಲ. ‘ಸೋದರತ್ವ ಮತ್ತು ಏಕತೆ’ ಎಂಬುದು ಸರ್ಕಾರದ ಘೋಷವಾಕ್ಯವಾಗಿತ್ತು. ಅದನ್ನು ಪ್ರಶ್ನಿಸುವ ಹಕ್ಕಿಲ್ಲದವರಿಗೆ ಅದನ್ನು ಸಮರ್ಥಿಸಿಕೊಳ್ಳುವ ಅಭ್ಯಾಸವೂ ಆಗಿರಲಿಲ್ಲ. 2036ರ ಒಲಿಂಪಿಕ್ಸ್ ನಡೆಸುವ ಇಚ್ಛೆಯನ್ನು ಭಾರತ 2024ರಲ್ಲಿ ಅಧಿಕೃತವಾಗಿ ತಿಳಿಸಿತು. ಅಂದಿನಿಂದ ನಮ್ಮಲ್ಲಿಯೂ ರಾಷ್ಟ್ರದ ಹಿರಿಮೆ, ಏಕತೆ ಎಂಬ ಮಾತುಗಳು ಕ್ರೀಡಾಂಗಣಗಳ ಅಂದಾಜುಪಟ್ಟಿಯ ಜೊತೆಜೊತೆಗೇ ಕೇಳಿಬರುತ್ತಿವೆ. ಕ್ರೀಡಾಂಗಣದ ಖರ್ಚನ್ನು ಲೆಕ್ಕ ಹಾಕಬಹುದು. ಇನ್ನೊಂದರ ಲೆಕ್ಕವನ್ನು ಯಾರು ಇಡುತ್ತಾರೆ?

1994ರ ಫೆಬ್ರುವರಿ 5ರಂದು ಸರಾಯೆವೊದ ಮಾರ್ಕಾಲೆ ಸಂತೆಯ ಮೇಲೆ ಶೆಲ್ ಬಿದ್ದು 68 ಜನ ಸತ್ತರು. ಒಂದೇ ವಾರಕ್ಕೆ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಆರಂಭವಾಯಿತು. ಬೋಸ್ನಿಯಾ ಮೊದಲ ಬಾರಿಗೆ ಅಲ್ಲಿಗೆ ತಂಡ ಕಳುಹಿಸಿತ್ತು. ಅದರ ನಾಲ್ವರ ಬಾಬ್‌ಸ್ಲೆಡ್ ತಂಡದಲ್ಲಿ ಇಬ್ಬರು ಬೋಸ್ನಿಯಾಕ್ ಮುಸಲ್ಮಾನರು, ಒಬ್ಬ ಕ್ರೊಯೇಷಿಯನ್, ಒಬ್ಬ ಸರ್ಬ್. ಊರಿನಲ್ಲಿ ಅವರವರ ಜನ ಪರಸ್ಪರ ಗುಂಡು ಹಾರಿಸುತ್ತಿದ್ದಾಗ ಈ ನಾಲ್ವರು ಒಂದೇ ಗಾಡಿಯಲ್ಲಿ ಮುದುಡಿ ಕುಳಿತು ಹಿಮದ ಹಾದಿಯಲ್ಲಿ ಜಾರಿದರು. ಹತ್ತು ವರ್ಷಗಳ ಹಿಂದೆ ಸರಾಯೆವೊದಲ್ಲಿ ಪೂರ್ವ ಜರ್ಮನಿಗಾಗಿ ಚಿನ್ನ ಗೆದ್ದಿದ್ದ ಕಾತರಿನಾ ವಿಟ್ ಈ ಸಲ ಏಕೀಕೃತ ಜರ್ಮನಿಯ ಪರವಾಗಿ, ಆ ಊರಿನ ನೆನಪಿಗೆ ಯುದ್ಧವಿರೋಧಿ ಗೀತೆಯೊಂದರ ಸಂಗೀತಕ್ಕೆ ನರ್ತಿಸಿದರು. ಪದಕ ಬರಲಿಲ್ಲ. ಒಲಿಂಪಿಕ್ ಸಮಿತಿಯ ಅಧ್ಯಕ್ಷ ಸಮರಾಂಚ್ ಕೂಟದ ನಡುವೆಯೇ ಮುತ್ತಿಗೆಗೆ ಒಳಗಾದ ಸರಾಯೆವೊಗೆ ಹೋಗಿ ಬಂದರು. ಸುಟ್ಟ ಜೆತ್ರಾ ಸಭಾಂಗಣ ಒಲಿಂಪಿಕ್ ಸಮಿತಿಯ ನೆರವಿನಿಂದ 1999ರಲ್ಲಿ ಮತ್ತೆ ತೆರೆಯಿತು; ಈಗ ಅದಕ್ಕೆ ಅವರದೇ ಹೆಸರು.

ತ್ರೆಬೆವಿಚ್‌ಗೆ ನಾನು ಹೋದದ್ದು ತೂಗುಗಾಡಿಯಲ್ಲಿ. ಯುದ್ಧದಲ್ಲಿ ನಾಶವಾಗಿದ್ದ ಈ ಸೌಕರ್ಯ 2018ರ ಏಪ್ರಿಲ್‌ನಲ್ಲಿ ಮರಳಿ ಬಂತು. ಅದಕ್ಕೆ ದೊಡ್ಡ ಮೊತ್ತ ಕೊಟ್ಟವರು ಸರಾಯೆವೊದ ಹೆಣ್ಣನ್ನು ಮದುವೆಯಾದ ಡಚ್ ಮೂಲದ ಭೌತವಿಜ್ಞಾನಿ ಎಡ್ಮಂಡ್ ಆಫರ್‌ಮನ್. ಮೇಲಿನಿಂದ ಬಾಬ್‌ಸ್ಲೆಡ್ ಹಾದಿಯಲ್ಲೇ ನಡೆದು ಇಳಿಯಬಹುದು. ಸುಮಾರು 1,300 ಮೀಟರ್ ಉದ್ದದ ಕಾಂಕ್ರೀಟ್ ಕಾಲುವೆ. ಇಕ್ಕೆಲಗಳಲ್ಲಿ ಪೈನ್ ಮರಗಳು, ಗೋಡೆಗಳ ತುಂಬ ಬಣ್ಣಬಣ್ಣದ ಬರಹ, ಅಲ್ಲಲ್ಲಿ ಬಂದೂಕಿನ ನಳಿಗೆಗೆಂದು ಕೊರೆದ ತೂತುಗಳು. ತೂತಿನಲ್ಲಿ ಕಣ್ಣಿಟ್ಟು ನೋಡಿದೆ. ಮರಗಳು ಬೆಳೆದು ಊರು ಕಾಣಿಸಲಿಲ್ಲ. ತಿರುವಿನಲ್ಲಿ ಕೆಲವು ಹುಡುಗರು ಸೈಕಲ್ ಓಡಿಸುತ್ತಿದ್ದರು.

1995ರ ಡೇಟನ್ ಒಪ್ಪಂದ ಬೋಸ್ನಿಯಾವನ್ನು ಎರಡು ಆಡಳಿತ ಘಟಕಗಳನ್ನಾಗಿ ವಿಂಗಡಿಸಿತು. ಅವುಗಳ ನಡುವಿನ ಗೆರೆ ಇದೇ ಪರ್ವತಗಳಲ್ಲಿ ಹಾದುಹೋಗುತ್ತದೆ. ಯಾಹೊರಿನಾ ಈಗ ಸರ್ಬರ ಘಟಕದಲ್ಲಿದೆ, ಬ್ಯೆಲಾಶ್ನಿತ್ಸಾ ಇನ್ನೊಂದರಲ್ಲಿ. ಗೆರೆಯ ಆಚೆ ‘ಪೂರ್ವ ಸರಾಯೆವೊ’ ಎಂಬ ಬೇರೆಯೇ ನಗರವಿದೆ. 2019ರ ಫೆಬ್ರುವರಿಯಲ್ಲಿ ಯೂರೋಪಿನ ಯುವ ಒಲಿಂಪಿಕ್ ಚಳಿಗಾಲದ ಉತ್ಸವಕ್ಕೆ ಈ ಎರಡೂ ನಗರಗಳು ಜಂಟಿಯಾಗಿ ಆತಿಥ್ಯ ವಹಿಸಿದವು. ಸ್ಪರ್ಧಿಗಳೆಲ್ಲ ಹದಿಹರೆಯದವರು, ಯುದ್ಧ ಮುಗಿದ ಮೇಲೆ ಹುಟ್ಟಿದವರು. ಅವರನ್ನು ಹೊತ್ತ ಬಸ್ಸುಗಳು ಆ ಗೆರೆಯನ್ನು ದಾಟಿ ಆಚೀಚೆ ಓಡಾಡಿದವು. ಯಾರೂ ತಡೆಯಲಿಲ್ಲ.