ಮೂರು ರೋಲರ್‌ಗಳ ಹಿಡಿತ

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಮಳೆಗಾಲದ ಬೆಳಗು ತಡವಾಗಿ ಶುರುವಾಗುತ್ತದೆ. ಶಟರ್‌ಗಳು ಒಂದೊಂದಾಗಿ ಮೇಲೇಳುತ್ತವೆ. ಒಂದು ಕಡೆ ಲಾರಿಯ ಕಬ್ಬಿಣ ಬಡಿಯುವ ಸದ್ದು, ಇನ್ನೊಂದು ಕಡೆ ವೆಲ್ಡಿಂಗಿನ ನೀಲಿ ಕಿಡಿ, ಎಲ್ಲದರ ಮೇಲೂ ಹಳೇ ಆಯಿಲ್, ಪೆಟ್ರೋಲು ಬೆರೆತ ವಾಸನೆ. ಗುಂಡಿಯಲ್ಲಿ ನಿಂತ ನೀರನ್ನು ತಪ್ಪಿಸಿಕೊಂಡು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಗೌಡರು ತಮ್ಮ ಬೈಕನ್ನು ತಳ್ಳಿಕೊಂಡು ಬಂದರು. ನೂರೈವತ್ತು ಸಿಸಿಯದು, ಇಪ್ಪತ್ತು ವರ್ಷ ದಾಟಿದ್ದು. ಟ್ಯಾಂಕಿನ ಬಣ್ಣ ಮೊಣಕಾಲು ತಾಗುವಲ್ಲಿ ಮಾಸಿದೆ, ಹಿಂದಿನ ಕ್ಯಾರಿಯರಿನಲ್ಲಿ ಹಗ್ಗದ ತುಂಡು ಹಾಗೇ ಉಳಿದಿದೆ.

“ಸೆಲ್ಫ್ ಹೊಡೀರಿ ಗೌಡ್ರೇ” ಎಂದರು ಮೇಸ್ತ್ರಿ.

ಗೌಡರು ಗುಂಡಿ ಒತ್ತಿದರು. ಝುಂಯ್ ಎಂದು ಮೋಟರ್ ತಿರುಗಿತು, ಇಂಜಿನ್ ಅಲ್ಲಾಡಲಿಲ್ಲ. ಮತ್ತೆ ಒತ್ತಿದಾಗ ಟಕ್ ಎಂದು ಏನೋ ಕಚ್ಚಿಕೊಂಡು ಅರ್ಧ ಸುತ್ತು ತಿರುಗಿ ಬಿಟ್ಟಿತು. ಮತ್ತೆ ಅದೇ ಝುಂಯ್. ಮೇಸ್ತ್ರಿ ಕಿವಿಯನ್ನು ಎಡಗಡೆಯ ಕವರಿಗೆ ಹತ್ತಿರ ತಂದು ಇನ್ನೊಮ್ಮೆ ಒತ್ತಿಸಿದರು. ಮೋಟರಿನ ತಿರುಗುವಿಕೆಯನ್ನು ಒಳಗೆ ದಾಟಿಸುವ ಐಡಲ್ ಗೇರಿನ ಹಲ್ಲು ಮುರಿದಿದ್ದರೆ ಕಟಕಟ ಎಂದು ಅರೆಯುವ ಸದ್ದು ಬರಬೇಕಿತ್ತು. ಇಲ್ಲಿ ಸದ್ದು ನುಣುಪಾಗಿದೆ. ಮೋಟರ್ ದುಡಿಯುತ್ತಿದೆ, ದುಡಿಮೆ ಮಾತ್ರ ಇಂಜಿನ್ನಿಗೆ ತಲುಪುತ್ತಿಲ್ಲ.

ಗೌಡರು ಬೇರೊಂದು ಕಡೆ ತೋರಿಸಿ, ಬ್ಯಾಟರಿ ಹೋಗಿದೆ ಎಂದು ಅಲ್ಲಿ ಹೇಳಿದ್ದಕ್ಕೆ ಆಗಲೇ ಹೊಸ ಬ್ಯಾಟರಿ ಹಾಕಿಸಿದ್ದರು. ಮೇಸ್ತ್ರಿ ಅದನ್ನೂ ಅಳೆಯದೆ ಬಿಡಲಿಲ್ಲ. ಮಲ್ಟಿಮೀಟರಿನ ಕಡ್ಡಿ ಇಟ್ಟರೆ 12.6 ವೋಲ್ಟ್, ಪೂರ್ತಿ ಚಾರ್ಜ್. ಗುಂಡಿ ಒತ್ತಿದಾಗಲೂ ಅಂಕಿ ಹೆಚ್ಚು ಇಳಿಯಲಿಲ್ಲ. ಅವರಿಗೆ ಬೇಕಿದ್ದ ಸಾಕ್ಷಿ ಅದೇ. ಪಿಸ್ಟನ್ನಿನ ಒತ್ತಡ ಮೀರಿ ಇಂಜಿನ್ ತಿರುಗಿಸುವ ಮೋಟರ್ ಬ್ಯಾಟರಿಯಿಂದ ಬಹಳ ಕರೆಂಟ್ ಎಳೆಯುತ್ತದೆ, ಆಗ ವೋಲ್ಟೇಜ್ ಕುಸಿಯಲೇಬೇಕು. ಕುಸಿಯದಿದ್ದರೆ ಮೋಟರಿಗೆ ಹೊರೆಯೇ ಬೀಳುತ್ತಿಲ್ಲ ಎಂದರ್ಥ. ಬ್ಯಾಟರಿ ಸೋತಿದ್ದರೆ ರಿಲೇ ಬರೀ ಟಿಕ್ ಟಿಕ್ ಎನ್ನುತ್ತದೆ, ಇಲ್ಲವೇ ಇಂಜಿನ್ ತೇಕುತ್ತ ತಿರುಗುತ್ತದೆ. ಕೊನೆಗೊಮ್ಮೆ ಕಿಕ್ಕರ್ ಒದ್ದರು, ಮೊದಲ ಒದೆಗೇ ಬೈಕ್ ಎದ್ದಿತು. ಪ್ಲಗ್, ಕಾರ್ಬ್ಯುರೇಟರ್ ಎರಡೂ ಲೆಕ್ಕದಿಂದ ಹೊರಗೆ.

“ಬ್ಯಾಟರಿದಲ್ಲ ಗೌಡ್ರೇ, ಒಳಗೆ ಒನ್‌ವೇ ಹಿಡೀತಾ ಇಲ್ಲ.”

ಒನ್‌ವೇ ಎಂದರೆ ಸ್ಟಾರ್ಟರ್ ಕ್ಲಚ್. ಗೇರ್ ಬದಲಿಸುವಾಗ ಎಡಗೈಯಲ್ಲಿ ಹಿಡಿಯುವ ಕ್ಲಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಸೈಕಲ್ಲಿನ ಫ್ರೀವೀಲ್ ತುಳಿದಾಗ ಚಕ್ರವನ್ನು ಹಿಡಿದು, ತುಳಿಯುವುದು ನಿಲ್ಲಿಸಿದಾಗ ಅದನ್ನು ತನ್ನಷ್ಟಕ್ಕೆ ಓಡಲು ಬಿಡುವಂತೆ, ಇದು ಮೋಟರ್ ತಿರುಗಿಸಿದಾಗ ಇಂಜಿನ್ನನ್ನು ಹಿಡಿಯುತ್ತದೆ, ಇಂಜಿನ್ ಎದ್ದೊಡನೆ ಬಿಡುತ್ತದೆ. ಕ್ರ್ಯಾಂಕಿನ ತುದಿಯಲ್ಲಿ ಕೂತ ಮ್ಯಾಗ್ನೆಟ್ಟಿನ ಬೆನ್ನಿಗೆ ಮೂರು ಎಲನ್ ಬೋಲ್ಟುಗಳಿಂದ ಕಟ್ಟಿದ ಉಕ್ಕಿನ ಬಿಲ್ಲೆ, ಅದರಲ್ಲಿ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾದ ಮೂರು ಗೂಡು. ಪ್ರತಿ ಗೂಡಿನಲ್ಲಿ ಒಂದು ರೋಲರ್, ಅದನ್ನು ಕಿರಿದಾದ ಬದಿಗೆ ತಳ್ಳುವ ಒಂದು ಪಿನ್ನು, ಅದರ ಹಿಂದೆ ಒಂದು ಸಣ್ಣ ಸ್ಪ್ರಿಂಗ್. ನಡುವೆ ಸೆಲ್ಫ್ ಗೇರಿನ ನುಣುಪಾದ ಕತ್ತು. ಮೋಟರ್ ಗೇರನ್ನು ತಿರುಗಿಸಿದರೆ ರೋಲರ್‌ಗಳು ಇಕ್ಕಟ್ಟಿಗೆ ಸರಿದು ಸಿಕ್ಕಿಕೊಳ್ಳುತ್ತವೆ, ಗೇರು, ಮ್ಯಾಗ್ನೆಟ್, ಕ್ರ್ಯಾಂಕ್ ಒಂದಾಗುತ್ತವೆ. ಇಂಜಿನ್ ಹೊತ್ತಿಕೊಂಡು ಗೇರಿಗಿಂತ ಮುಂದೆ ಓಡಿದ ಕ್ಷಣ ಅವು ಅಗಲದ ಕಡೆಗೆ ಹಿಂದೆ ಸರಿಯುತ್ತವೆ. ಕೆಲವು ಬೈಕುಗಳಲ್ಲಿ ರೋಲರ್ ಬದಲು ಎಂಟರ ಆಕಾರದ ಸ್ಪ್ರ್ಯಾಗ್‌ಗಳ ಸಾಲೇ ಇರುತ್ತದೆ, ಕೆಲಸ ಒಂದೇ.

ಸೆಲ್ಫ್ ಇಲ್ಲದ ಹಳೇ ಬೈಕುಗಳಲ್ಲಿ ಈ ಒನ್‌ವೇಯೇ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಅನೇಕ ಜಾವಾ, ಯೆಜ್ಡಿ ಬೈಕುಗಳಲ್ಲಿ ಕಿಕ್ಕರೇ ಮಡಚಿಕೊಂಡು ಗೇರ್ ಲಿವರ್ ಆಗುತ್ತಿತ್ತು. ಅವನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಗಳಿಗೆ ಸೆಲ್ಫಿನ ತಕರಾರೇ ಇರಲಿಲ್ಲ. ಹೋಂಡಾ ಕಂಪನಿಯ 1969ರ ಸಿಬಿ750ಯಲ್ಲಿ ಸ್ಟಾರ್ಟರ್ ಗುಂಡಿ ಇದ್ದರೂ ನಮ್ಮ ಸಾಮಾನ್ಯ ಬೈಕುಗಳಿಗೆ ಅದು ಹೆಚ್ಚಾಗಿ ಬಂದದ್ದು 2000ದ ನಂತರ. ಗೌಡರ ಬೈಕು ಆ ಮೊದಲ ತಲೆಮಾರಿನದು.

ಮೇಸ್ತ್ರಿ ಆಗಲೂ ಕವರ್ ಬಿಚ್ಚಲಿಲ್ಲ. ಆಯಿಲ್ ಕಡ್ಡಿ ಎಳೆದು ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ಕಪ್ಪಾಗಿ ಮಂದವಾಗಿತ್ತು.

“ಯಾವ ಆಯಿಲ್ ಹಾಕಿದ್ರಿ?”

“ಮನೇಲಿ ಕಾರಿಂದು ಉಳಿದಿತ್ತು, ಅದನ್ನೇ ಹಾಕ್ದೆ.”

ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಇರುತ್ತದೆ. ಬೈಕಿನ ಕ್ಲಚ್ ಪ್ಲೇಟು, ಒನ್‌ವೇ ರೋಲರ್ ಎರಡೂ ಅದೇ ಆಯಿಲಿನಲ್ಲಿ ಮುಳುಗಿದ್ದು, ಘರ್ಷಣೆಯಿಂದಲೇ ಬದುಕುವಂಥವು. ಬೈಕಿನ ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ ಎಂದು ಬರೆದಿರುವುದು ಇದಕ್ಕಾಗಿ. ಕೊಳೆ ಗಟ್ಟಿಯಾಗಿ ಪಿನ್ನಿನ ಹಿಂದೆ ಕೂತರೂ ರೋಲರ್ ಮುಂದೆ ಸರಿಯದು. ಆಯಿಲ್ ಬದಲಿಸುವುದೊಂದರಿಂದಲೇ ಸರಿಹೋಗುವ ಬೈಕುಗಳೂ ಉಂಟು. ಹಾಗಾಗಿ ಮೊದಲು ಆಯಿಲ್ ಬದಲಿಸಿ, ಬಿಸಿ ಮಾಡಿ, ಹಲವು ಸಲ ಸೆಲ್ಫ್ ಹೊಡೆದು ನೋಡಿದರು. ಸ್ವಲ್ಪ ಸುಧಾರಿಸಿತು, ನೆಚ್ಚುವಷ್ಟಲ್ಲ. “ಈಗ ಬಿಚ್ಚೋಣ” ಎಂದರು.

ಹೊಸ ಆಯಿಲನ್ನು ಶುಚಿಯಾದ ಡಬ್ಬಿಗೆ ಇಳಿಸಿ ಮುಚ್ಚಿಟ್ಟರು. ಗೇರ್ ಲಿವರ್ ತೆಗೆದು, ಎಂಟರ ಟಿ ಸ್ಪ್ಯಾನರಿನಲ್ಲಿ ಕವರಿನ ಬೋಲ್ಟುಗಳನ್ನು ಬಿಚ್ಚಿ, ಯಾವುದು ಎಲ್ಲಿಯದೋ ಆ ಕ್ರಮದಲ್ಲೇ ರಟ್ಟಿಗೆ ಚುಚ್ಚಿಟ್ಟರು. ಉದ್ದದ ಬೋಲ್ಟು ಗಿಡ್ಡದರ ಜಾಗಕ್ಕೆ ಹೋದರೆ ಕೇಸಿನ ಥ್ರೆಡ್ ಹಾಳು. ಕಾಯಿಲ್ ಇರುವ ಕವರನ್ನು ಮ್ಯಾಗ್ನೆಟ್ ಬಿಡಲೊಲ್ಲದೆ ಎಳೆದುಕೊಂಡಿತು, ಎರಡೂ ಕೈಯಲ್ಲಿ ಸಮವಾಗಿ ಎಳೆದು ಬಿಡಿಸಬೇಕಾಯಿತು. ಮ್ಯಾಗ್ನೆಟ್ ಹೊರಬರಲು ಪುಲ್ಲರೇ ಬೇಕು. ಪಕ್ಕದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಸುತ್ತಿಗೆ ಎತ್ತಿದಾಗ ಮೇಸ್ತ್ರಿ ಅವನ ಕೈ ತಡೆದರು. ಪೆಟ್ಟು ಬಿದ್ದರೆ ಒಳಗಿನ ಅಯಸ್ಕಾಂತದ ತುಂಡು ಬಿರುಕು ಬಿಡುತ್ತದೆ. ಪುಲ್ಲರ್ ಬಿಗಿಯುತ್ತ ಹೋದಂತೆ ಠಪ್ ಎಂಬ ಸದ್ದಿನೊಂದಿಗೆ ಅದು ಸಡಿಲವಾಯಿತು. ಕ್ರ್ಯಾಂಕಿನ ಮೇಲಿದ್ದ ಅರ್ಧಚಂದ್ರದ ಕೀಲನ್ನು ಹುಡುಗ ಜೋಪಾನವಾಗಿ ಎತ್ತಿಟ್ಟ. ಮ್ಯಾಗ್ನೆಟ್ ತನ್ನ ಜಾಗದಲ್ಲಿ ನಿಂತು ಕಿಡಿಯ ಹೊತ್ತು ಸರಿಯಾಗಿರುವುದು ಆ ಚೂರಿನಿಂದ.

ಮ್ಯಾಗ್ನೆಟ್ಟಿಗೆ ಗೇರನ್ನು ಕೂಡಿಸಿ ಕೈಯಲ್ಲೇ ತಿರುಗಿಸಿದರು. ಒಂದು ಕಡೆಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆಗೆ ಕೂಡಲೇ ಕಚ್ಚಬೇಕು. ಇಲ್ಲಿ ಎರಡು ಬೆರಳಿನಷ್ಟು ಜಾರಿ ಆಮೇಲೆ ಕಚ್ಚುತ್ತಿತ್ತು. ರೋಲರ್‌ಗಳನ್ನು ಹೊರಗೆಳೆದು, ಪೆಟ್ರೋಲಿನಲ್ಲಿ ತೊಳೆದು, ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟರು. ಒಂದರ ಮೈ ಒಂದು ಕಡೆ ಚಪ್ಪಟೆಯಾಗಿದೆ. ಮೂರು ಸ್ಪ್ರಿಂಗ್‌ಗಳನ್ನು ನಿಲ್ಲಿಸಿ ನೋಡಿದರೆ ಒಂದು ಕುಗ್ಗಿ ಗಿಡ್ಡವಾಗಿದೆ. ಬೋಲ್ಟುಗಳಲ್ಲಿ ಒಂದು ಸಡಿಲ. ಗೇರಿನ ಕತ್ತಿನ ಮೇಲೆ ಮೇಸ್ತ್ರಿ ಉಗುರು ಎಳೆದರು, ಎಲ್ಲೂ ತಡೆಯಲಿಲ್ಲ. ಗೀರಿದ್ದರೆ ಗೇರನ್ನೂ ಬದಲಿಸಬೇಕಿತ್ತು. ಈಗ ರೋಲರ್, ಪಿನ್ನು, ಸ್ಪ್ರಿಂಗಿನ ಕಿಟ್ ಸಾಕು.

ಜೋಡಿಸುವಾಗ ಅವಸರ ಮಾಡಲಿಲ್ಲ. ಬೋಲ್ಟಿಗೆ ಥ್ರೆಡ್ ಅಂಟು ಹಚ್ಚಿ ಬಿಗಿದರು. ಮ್ಯಾಗ್ನೆಟ್ಟಿನ ಒಳಗೆ ಅಂಟಿದ ಉಕ್ಕಿನ ಪುಡಿಯನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ತೆಗೆದರು. ಕ್ರ್ಯಾಂಕಿನ ಇಳಿಜಾರಾದ ಮೈಯನ್ನು ಆಯಿಲಿನ ಹನಿಯೂ ಉಳಿಯದಂತೆ ಒಣಗಿಸಿದರು. ಹಳೇ ಪ್ಯಾಕಿಂಗ್ ಕೆರೆದು ಹೊಸದು ಕೂರಿಸಿದರು. ಗುಂಡಿ ಒತ್ತಿದೊಡನೆ ಇಂಜಿನ್ ಎದ್ದಿತು. ನಿಲ್ಲಿಸಿ ಒತ್ತಿದರೂ, ಬಿಸಿಯಾದ ಮೇಲೆ ಒತ್ತಿದರೂ ಎದ್ದಿತು.

“ಬ್ಯಾಟರಿ ವೀಕ್ ಇದ್ದಾಗ ಸೆಲ್ಫ್ ಹೊಡೀಬೇಡಿ ಗೌಡ್ರೇ. ಇಂಜಿನ್ ಅರ್ಧ ತಿರುಗಿ ಹಿಂದಕ್ಕೆ ಒದ್ದರೆ ಆ ಪೆಟ್ಟು ತಿನ್ನೋದು ಒನ್‌ವೇನೇ” ಎಂದು ಹೇಳಿ ಮೇಸ್ತ್ರಿ ಕೈ ಒರೆಸಿಕೊಂಡರು.

ಈಚಿನ ಎಷ್ಟೋ ಬೈಕುಗಳಿಗೆ ಕಿಕ್ಕರೇ ಇಲ್ಲ. ಘಟ್ಟದ ನಡುವೆ ಅಂಥ ಬೈಕಿನ ಒನ್‌ವೇ ಕೈಕೊಟ್ಟರೆ ಇಳಿಜಾರು ಹುಡುಕಿ ತಳ್ಳುವುದೊಂದೇ ದಾರಿ. ಹಾಗಾಗಿ ಈ ವಿದ್ಯೆಯ ಬೆಲೆ ಇಳಿಯುವುದಿಲ್ಲ, ಏರುತ್ತದೆ. ಗೌಡರು ಬ್ಯಾಟರಿಗೆ ಹಾಕಿದ ದುಡ್ಡು ಅಳೆಯದೆ ಹೇಳಿದ ಮಾತಿಗೆ ಹೋದದ್ದು. ಬೈಕು ರಿಪೇರಿಯಾದದ್ದು ಕಿವಿ, ಮೀಟರು, ಕಿಕ್ಕರ್, ಆಯಿಲ್, ಕೊನೆಗೆ ಪಾನಾ ಎಂಬ ಕ್ರಮದಿಂದ. ರೋಲರ್ ಬದಲಿಸುವುದನ್ನು ಹುಡುಗ ಒಂದು ಮಧ್ಯಾಹ್ನದಲ್ಲಿ ಕಲಿತಾನು. ಆ ಕ್ರಮ ಅವನ ಕೈಗೂಡಲು ವರ್ಷಗಳು ಬೇಕು, ಮತ್ತು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರಣ ಹೇಳುವ ಇಂಥ ಮೇಸ್ತ್ರಿಯೊಬ್ಬರು ಬೇಕು.