ಅಳಿವೆಯ ಊರು ಉಳ್ಳಾಲ

ಪಶ್ಚಿಮಘಟ್ಟದ ಕುದುರೆಮುಖ ಶ್ರೇಣಿಯಲ್ಲಿ ಹುಟ್ಟುವ ನೇತ್ರಾವತಿಯು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ, ತುಂಬೆಗಳನ್ನು ದಾಟಿ ಪಡುವಣ ಕಡಲಿನತ್ತ ಸಾಗುತ್ತದೆ. ಕಡಲನ್ನು ಸೇರುವೆಡೆಯಲ್ಲಿ ಅದರ ಬಲದಂಡೆಗೆ ಮಂಗಳೂರು, ಎಡದಂಡೆಗೆ ಉಳ್ಳಾಲ. ಮಂಗಳೂರಿನ ದುಡಿಮೆಯನ್ನು ನೆಚ್ಚಿ ಬೆಳಗಾಗುತ್ತಲೇ ಸೇತುವೆ ದಾಟುವವರು ಇಲ್ಲಿ ಬಹಳ. ಆದುದರಿಂದ ಇದು ದೊಡ್ಡ ನಗರದ ಉಪನಗರವೆಂದೇ ಹೊರಗಿನವರಿಗೆ ತೋರುತ್ತದೆ. ಆದರೆ ಉಳ್ಳಾಲಕ್ಕೆ ತನ್ನದೇ ಆದ ನಗರಸಭೆಯುಂಟು, ತನ್ನದೇ ಆದ ಇತಿಹಾಸವುಂಟು. 2011ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆ ಐವತ್ತು ಸಾವಿರವನ್ನು ಮೀರಿತ್ತು. ತುಳು, ಬ್ಯಾರಿ, ಕೊಂಕಣಿ, ಕನ್ನಡಗಳು ಒಂದೇ ಅಂಗಡಿಯ ಮುಂದೆ ಕೇಳಿಬರುವ ಊರಿದು.

ಮಂಗಳೂರಿನಿಂದ ಕೇರಳದ ಕಡೆಗೆ ಹೊರಟ ರೈಲು ನೇತ್ರಾವತಿಯ ಸೇತುವೆಯನ್ನು ಏರಿದಾಗ ಈ ಊರಿನ ಚೆಲುವು ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಕೆಳಗೆ ಅಗಲವಾಗಿ ಹರಡಿದ ನೀರು, ಎರಡೂ ದಡಗಳಲ್ಲಿ ನೀರಿನತ್ತ ಬಾಗಿದ ತೆಂಗು, ನಡುನಡುವೆ ಕುದ್ರುಗಳೆಂದು ಕರೆಯುವ ಹಸುರು ನಡುಗಡ್ಡೆಗಳು. ಮೂಡಣಕ್ಕೆ ಮುರಕಲ್ಲಿನ ಕೆಂಪು ದಿಣ್ಣೆಗಳು. ಈ ಕಲ್ಲು ನೆಲದಿಂದ ಕಡಿಯುವಾಗ ಮೆದು, ಗಾಳಿ ಬಿಸಿಲುಗಳಿಗೆ ಮೈಯೊಡ್ಡಿದ ಮೇಲೆ ಗಟ್ಟಿ; ಇಲ್ಲಿಯ ಹಳೆಯ ಮನೆಗಳ ಗೋಡೆಗಳೆಲ್ಲ ಇದರವೇ. ಗೋಡೆಯ ಮೇಲಿನ ಹೆಂಚನ್ನಾದರೋ ನದಿಯೇ ಕೊಟ್ಟಿತು. ಆಚೆ ದಡದ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದುದು ನದೀತೀರದ ಜೇಡಿಮಣ್ಣನ್ನು ನಂಬಿ.

ಹದಿನಾರನೆಯ ಶತಮಾನದಲ್ಲಿ ಇಲ್ಲಿಂದ ಆಳಿದ ಚೌಟ ಮನೆತನದ ರಾಣಿ ಅಬ್ಬಕ್ಕ ಪೋರ್ಚುಗೀಸರಿಗೆ ಮಣಿಯದೆ ಹೋರಾಡಿದ ಕಥೆ ನಾಡಿಗೆಲ್ಲ ತಿಳಿದದ್ದೇ. 1623ರಲ್ಲಿ ಈ ಕಡೆಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡು ಬರೆದಿಟ್ಟಿದ್ದಾನೆ. ಆಕೆ ಸಿಂಹಾಸನದ ಮೇಲಿರಲಿಲ್ಲ. ತಾಳೆಗರಿಯ ಕೊಡೆಯ ನೆರಳಿನಲ್ಲಿ ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಅರಮನೆಯ ವೈಭವಕ್ಕಿಂತ ಈ ಬರಿಗಾಲಿನ ಚಿತ್ರವೇ ಹೆಚ್ಚು ಕಾಲ ನೆನಪಿನಲ್ಲಿ ನಿಲ್ಲುತ್ತದೆ.

ಊರಿನ ಪಡುವಣ ಭಾಗದ ನೆಲ ಮಾತ್ರ ಬೇರೆಯೇ ಬಗೆಯದು. ನದಿಯು ಕಡಲನ್ನು ಸೇರುವ ಬಾಯಿಗೆ ಅಳಿವೆಯೆಂದು ಹೆಸರು. ಉತ್ತರದಿಂದ ಬರುವ ಗುರುಪುರ ನದಿ, ಮೂಡಣದಿಂದ ಬರುವ ನೇತ್ರಾವತಿ ಎರಡಕ್ಕೂ ಒಂದೇ ಅಳಿವೆ. ಅದರ ಆಚೆಗೆ ಬೆಂಗ್ರೆ, ಈಚೆಗೆ ಉಳ್ಳಾಲದ ಕೋಟೆಪುರ; ಎರಡೂ ನೀರಿನ ನಡುವೆ ಚಾಚಿಕೊಂಡ ಮರಳಿನ ನಾಲಿಗೆಗಳು. ಮಳೆಗಾಲದಲ್ಲಿ ಘಟ್ಟದ ಮಣ್ಣುಮರಳನ್ನು ನದಿ ಹೊತ್ತು ತಂದು ಇಲ್ಲಿ ಕಡಲಿಗೆ ಒಪ್ಪಿಸುತ್ತದೆ. ಅದೇ ಕಾಲಕ್ಕೆ ನೈರುತ್ಯ ಮಾರುತದ ದೊಡ್ಡ ಅಲೆಗಳು ತೀರದ ಮರಳನ್ನು ಕೆರೆದು ಒಳಗೆ ಎಳೆದುಕೊಳ್ಳುತ್ತವೆ. ಮಳೆ ನಿಂತು ಕಡಲು ಶಾಂತವಾದಾಗ ಸಣ್ಣ ಅಲೆಗಳು ಅದನ್ನೇ ಮೆಲ್ಲಮೆಲ್ಲನೆ ದಡಕ್ಕೆ ತಂದು ಹಾಕುತ್ತವೆ. ಕೊಟ್ಟು ಕೊಳ್ಳುವ ಈ ಲೆಕ್ಕ ಸರಿಹೊಂದಿದಷ್ಟು ಕಾಲ ತೀರವೂ ನೆಲೆಯಾಗಿರುತ್ತದೆ.

ಲೆಕ್ಕ ತಪ್ಪಿದರೆ ಆಗುವುದೇ ಕಡಲ್ಕೊರೆತ. ಅಳಿವೆಯಲ್ಲಿ ಹೂಳು ತುಂಬಿದರೆ ಮೀನುಗಾರಿಕೆಯ ದೋಣಿಗಳು ಮಗುಚುವ ಭಯವಿದ್ದುದರಿಂದ 1990ರ ದಶಕದಲ್ಲಿ ಅದರ ಎರಡು ಬದಿಗೂ ಕಲ್ಲಿನ ಅಲೆತಡೆ ಗೋಡೆಗಳನ್ನು ಕಟ್ಟಲಾಯಿತು. ದೋಣಿಗಳ ದಾರಿಗೆ ಅದರಿಂದ ಅನುಕೂಲವಾದುದನ್ನು ಅಲ್ಲಗಳೆಯಲಾಗದು. ಆದರೆ ತೀರದ ಉದ್ದಕ್ಕೂ ಚಲಿಸುವ ಮರಳಿಗೆ ಗೋಡೆ ಅಡ್ಡ ನಿಂತರೆ ಒಂದು ಬದಿಯಲ್ಲಿ ಅದು ರಾಶಿಬೀಳುತ್ತದೆ, ಇನ್ನೊಂದು ಬದಿ ಬರಿದಾಗುತ್ತದೆ. ಕಟ್ಟಡಗಳಿಗಾಗಿ ನದಿಯ ಹೊಯಿಗೆಯನ್ನು ಮಿತಿಮೀರಿ ಎತ್ತಿದರೂ ತೀರಕ್ಕೆ ತಲುಪಬೇಕಾದ ಪಾಲು ಕುಗ್ಗುತ್ತದೆ. ಉಳ್ಳಾಲದ ಕಡಲಂಚಿನಲ್ಲಿ ತೆಂಗಿನ ಮರಗಳು ಬುಡಸಮೇತ ಉರುಳಿವೆ, ರಸ್ತೆಗಳು ಕುಸಿದಿವೆ, ತಲೆಮಾರುಗಳಿಂದ ಬಾಳಿದ ಮನೆಗಳನ್ನು ಬಿಟ್ಟು ಕುಟುಂಬಗಳು ಬೇರೆಡೆಗೆ ಹೋಗಿವೆ. ಜಮೀನಿನ ಪತ್ರ ಪೆಟ್ಟಿಗೆಯಲ್ಲಿದ್ದು ಜಮೀನು ನೀರಿನಡಿಯಲ್ಲಿದ್ದರೆ ಆ ಪತ್ರಕ್ಕೇನು ಬೆಲೆ?

ಮೊದಮೊದಲು ಅಲೆಗಳಿಗೆ ಎದುರಾಗಿ ದೊಡ್ಡ ಬಂಡೆಗಳನ್ನು ಸುರಿಯುವುದೇ ಪರಿಹಾರವಾಗಿತ್ತು. ಬಂಡೆಗಳು ತಮ್ಮ ಹಿಂದಿನ ಮನೆಯನ್ನು ಕಾಯಬಲ್ಲವು, ಮುಂದಿನ ಮರಳನ್ನು ಕಾಯಲಾರವು. ಅವುಗಳ ಬುಡವೇ ಸವೆದು ಕ್ರಮೇಣ ಕುಸಿಯುವುದೂ ಉಂಟು. ಮುಂದೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಕಡಲೊಳಗೇ ಕೃತಕ ದಿಬ್ಬಗಳನ್ನು ನಿರ್ಮಿಸಿ, ಅಲೆಗಳ ರಭಸವನ್ನು ದೂರದಲ್ಲಿಯೇ ಮುರಿಯುವ ಕ್ರಮವನ್ನು ಕೈಗೊಳ್ಳಲಾಯಿತು. ಒಂದೆಡೆ ಕೊರೆತ ತಗ್ಗಿದರೆ ತುಸು ದೂರದ ಇನ್ನೊಂದು ತೀರದಲ್ಲಿ ಅದು ತಲೆಯೆತ್ತೀತು ಎಂಬ ಎಚ್ಚರ ಮಾತ್ರ ಯಾವ ಯೋಜನೆಗೂ ತಪ್ಪಿದ್ದಲ್ಲ.

ತೆಂಕಣಕ್ಕೆ ನಡೆದರೆ ಸೋಮೇಶ್ವರ. ಅಲ್ಲಿ ದೇವಾಲಯದ ಬಳಿ ಕಡಲಿಗೆ ಮೈಯೊಡ್ಡಿ ನಿಂತ ಕರಿಬಂಡೆಗಳನ್ನು ರುದ್ರಪಾದೆ ಎನ್ನುತ್ತಾರೆ. ಆಷಾಢದ ಅಲೆಗಳು ಅವುಗಳ ಮೇಲೆ ಅಪ್ಪಳಿಸಿ ನೊರೆಯಾಗಿ ಚಿಮ್ಮುತ್ತವೆ. ಆಗ ಯಂತ್ರದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಬಲೆಗಳ ಹರಕು ಹೊಲಿಯುತ್ತ ಮೊಗವೀರರು ದಿನ ಎಣಿಸುತ್ತಾರೆ. ಶ್ರಾವಣದ ಹುಣ್ಣಿಮೆಯ ಹೊತ್ತಿಗೆ ಕಡಲಿಗೆ ಹಾಲೆರೆದು ತೆಂಗಿನಕಾಯಿಯನ್ನು ಅರ್ಪಿಸುತ್ತಾರೆ. ಅನಂತರ ಅವರ ಕಣ್ಣು ಅಳಿವೆಯ ಕಡೆಗೆ: ಈ ವರ್ಷ ನೀರು ಯಾವ ಬದಿಯಲ್ಲಿ ಆಳವಾಗಿದೆ, ಮರಳು ಎಲ್ಲಿ ಕೂತಿದೆ?